ನಮಗೂ ಒಂದು ಲಾಬಿ ಬೇಕು

‘ಲಾಬಿ’ ಎಂಬ ಪದ ಕನ್ನಡ ಪತ್ರಿಕೆಗಳಲ್ಲಿ ಒಂಟಿಯಾಗಿ ಬರುವುದೇ ಅಪರೂಪ. ಮರಳು ಲಾಬಿ, ಗಣಿ ಲಾಬಿ, ಟಿಂಬರ್ ಲಾಬಿ, ಮದ್ಯದ ಲಾಬಿ ಎಂದು ಅದರ ಮುಂದೆ ಏನಾದರೊಂದು ಅಂಟಿಕೊಂಡೇ ಇರುತ್ತದೆ. ಘಟ್ಟದ ಮೇಲಿನವರಿಗಾಗಲಿ ಕೆಳಗಿನವರಿಗಾಗಲಿ ಈ ಪದ ಕಿವಿಗೆ ಬಿದ್ದೊಡನೆ ನೆನಪಾಗುವುದು ನಡುರಾತ್ರಿ ದೀಪ ಆರಿಸಿಕೊಂಡು ಸಾಗುವ ಲಾರಿ ಮತ್ತು ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಕುಳಿತಿರುವ ಕಚೇರಿ. ಆದ್ದರಿಂದ, ಶಾಂತಿಗಾಗಿ ಮತ್ತು ನ್ಯಾಯಕ್ಕಾಗಿ ಲಾಬಿ ಮಾಡುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಯೊಂದಿದೆ ಎಂದು ಬಳಗದ ಸಭೆಯಲ್ಲಿ ನಾನು ಹೇಳಿದಾಗ ವಿದ್ಯಾರ್ಥಿಯೊಬ್ಬ ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನ ನಗುವಿಗೆ ಉತ್ತರವಾಗಿ ಈ ಬರಹ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ, ಸಂಸತ್ ಸದಸ್ಯರ ಕಚೇರಿಗಳ ಎದುರಿಗೇ, ‘ಫ್ರೆಂಡ್ಸ್ ಕಮಿಟಿ ಆನ್ ನ್ಯಾಷನಲ್ ಲೆಜಿಸ್ಲೇಷನ್’ ಎಂಬ ಸಂಸ್ಥೆಯ ಕಟ್ಟಡವಿದೆ. 1943ರಲ್ಲಿ, ಎರಡನೆಯ ಮಹಾಯುದ್ಧ ಉರಿಯುತ್ತಿದ್ದಾಗಲೇ, ಕ್ವೇಕರ್ ಪಂಥದವರು ಇದನ್ನು ಸ್ಥಾಪಿಸಿದರು. ಕ್ವೇಕರರು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಚಿಕ್ಕ ಕ್ರೈಸ್ತ ಪಂಥ. ತಮ್ಮನ್ನು ತಾವು ‘ಸ್ನೇಹಿತರು’ ಎಂದು ಕರೆದುಕೊಳ್ಳುತ್ತಾರೆ. ಅವರ ಹಳೆಯ ಕ್ರಮದ ಪ್ರಾರ್ಥನಾ ಸಭೆಯಲ್ಲಿ ಪುರೋಹಿತನಿಲ್ಲ, ಮಂತ್ರವಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತು ಆಡುತ್ತಾರೆ. ಆಡಳಿತದ ಸಭೆಗಳಲ್ಲೂ ಕೈ ಎತ್ತಿ ಮತ ಎಣಿಸುವ ಪದ್ಧತಿಯಿಲ್ಲ. ಎಲ್ಲರ ಮನಸ್ಸು ಒಂದು ಕಡೆ ಬಂದು ನಿಲ್ಲುವವರೆಗೆ ಕಾಯುತ್ತಾರೆ. ನಮ್ಮ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡ, ಬುದವಂತರು ಕೂಡಿ ಕುಳಿತು ನ್ಯಾಯ ಬಗೆಹರಿಸುತ್ತಿದ್ದುದನ್ನು ಕಂಡ ಹಿರಿಯರಿಗೆ ಇದು ತೀರ ಅಪರಿಚಿತವೆನಿಸಲಾರದು.

ಈ ಸಂಸ್ಥೆ ಯಾವ ಪಕ್ಷಕ್ಕೂ ಸೇರಿಲ್ಲ. ಯಾವ ಅಭ್ಯರ್ಥಿಗೂ ಹಣ ಕೊಡುವುದಿಲ್ಲ, ಯಾರ ಪರವಾಗಿಯೂ ಪ್ರಚಾರ ಮಾಡುವುದಿಲ್ಲ. ಪ್ರತಿ ಹೊಸ ಸಂಸತ್ತಿನ ಅವಧಿಗೆ ಮುನ್ನ ದೇಶದುದ್ದಗಲದ ಕ್ವೇಕರ್ ಸಭೆಗಳಿಗೆ ಬರೆದು, ಮುಂದಿನ ಎರಡು ವರ್ಷ ಯಾವ ವಿಷಯ ಮುಖ್ಯವಾಗಬೇಕೆಂದು ಕೇಳುತ್ತದೆ. ಬಂದ ಉತ್ತರಗಳನ್ನು ಕೂಡಿಸಿ ಕೆಲಸ ಗೊತ್ತುಮಾಡಿಕೊಳ್ಳುತ್ತದೆ. ಅನಂತರ ಗೆದ್ದವರು ಯಾರೇ ಇರಲಿ, ಅವರ ಬಾಗಿಲಿಗೆ ಹೋಗುತ್ತದೆ. ಒಮ್ಮೆ ಅಲ್ಲ, ಹತ್ತು ಸಲ ಹೋಗುತ್ತದೆ. ಪ್ರತಿ ವಸಂತದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕರೆಸಿ, ಒಂದೇ ಒಂದು ವಿಷಯವನ್ನು ಕಲಿಸಿ, ಅವರವರ ಊರಿನ ಪ್ರತಿನಿಧಿಯ ಎದುರು ಕೂರಿಸುತ್ತದೆ.

ಇದರಿಂದ ಏನಾಯಿತು ಎಂದು ಕೇಳುವವರಿಗೆ ಒಂದು ಉದಾಹರಣೆ. ಇರಾಕಿನ ಮೇಲೆ ಯುದ್ಧ ಹೂಡಲು ಅಧ್ಯಕ್ಷರಿಗೆ ಅಧಿಕಾರ ನೀಡುವ ನಿರ್ಣಯ 2002ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಕ್ವೇಕರರು ವಿರೋಧಿಸಿದರು, ಸೋತರು. 2003ರಲ್ಲಿ ಯುದ್ಧ ನಡೆದೇ ಹೋಯಿತು. ನಮ್ಮಲ್ಲಾದರೆ ಅಷ್ಟಕ್ಕೆ ಸಮಿತಿ ಬರಖಾಸ್ತಾಗುತ್ತಿತ್ತು, ಬ್ಯಾನರು ಅಟ್ಟ ಸೇರುತ್ತಿತ್ತು. ಅವರು ಆ ಅಧಿಕಾರವನ್ನು ಹಿಂತೆಗೆಸುವ ಕೆಲಸಕ್ಕೆ ಕುಳಿತರು. 2021ರಲ್ಲಿ ಕೆಳಮನೆ, 2023ರಲ್ಲಿ ಮೇಲ್ಮನೆ ರದ್ದತಿಯ ಪರವಾಗಿ ಬೇರೆ ಬೇರೆಯಾಗಿ ಮತ ಹಾಕಿದವು. ಕೊನೆಗೂ ಆ ನಿರ್ಣಯ ಶಾಸನಪುಸ್ತಕದಿಂದ ಹೊರಬಿದ್ದದ್ದು 2025ರ ಡಿಸೆಂಬರಿನಲ್ಲಿ. ಅವರೊಬ್ಬರಿಂದಲೇ ಇದು ಆಯಿತೆಂದು ಹೇಳುವಂತಿಲ್ಲ. ಆದರೆ ಇಪ್ಪತ್ತಮೂರು ವರ್ಷ ಕಾಲ, ಸಂಸದರು ಬದಲಾದಂತೆಲ್ಲ ಮತ್ತೆ ಮೊದಲಿನಿಂದ ವಿವರಿಸುತ್ತ, ಅದೇ ಬಾಗಿಲನ್ನು ತಟ್ಟಿದವರಲ್ಲಿ ಅವರಿದ್ದರು. ಈ ಪಂಥಕ್ಕೆ ಇದು ಹೊಸದೂ ಅಲ್ಲ. ಗುಲಾಮರ ವ್ಯಾಪಾರದ ವಿರುದ್ಧ ಬ್ರಿಟಿಷ್ ಸಂಸತ್ತಿಗೆ ಕ್ವೇಕರರು ಅಹವಾಲು ಸಲ್ಲಿಸಿದ್ದು 1783ರಲ್ಲಿ. ವ್ಯಾಪಾರ ನಿಷೇಧದ ಕಾಯಿದೆ ಬಂದದ್ದು 1807ರಲ್ಲಿ.

ಇನ್ನು ನಮ್ಮ ಕತೆ. ಹಲವು ವರ್ಷಗಳ ಹಿಂದೆ ನಾವು ಐದು ಜನ ಜನಪ್ರತಿನಿಧಿಯೊಬ್ಬರ ಮನೆಗೆ ಮನವಿ ಹಿಡಿದು ಹೋಗಿದ್ದೆವು. ಅಘನಾಶಿನಿಯ ಅಳಿವೆಯನ್ನು ಉಳಿಸಬೇಕೆಂಬುದು ಮನವಿಯ ಸಾರ. ಒಳ್ಳೆಯ ಕನ್ನಡದಲ್ಲಿ ಬರೆದಿದ್ದೆವು. ತಾಯಿ, ಜೀವನಾಡಿ, ಮುಂದಿನ ಪೀಳಿಗೆ, ಎಲ್ಲವೂ ಇತ್ತು. ಅವರು ಚಹಾ ತರಿಸಿದರು, ಮನವಿಯನ್ನು ಓದಿದರು, ಕನ್ನಡಕ ತೆಗೆದು ಕೇಳಿದರು: “ನಿಮ್ಮೂರಲ್ಲಿ ಬಳಚು ಆರಿಸಿ ಬದುಕುವ ಮನೆ ಎಷ್ಟಿವೆ?” ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಬಹಳ ಇವೆ, ಸಾಹೇಬರೇ” ಎಂದರು ನಮ್ಮ ಹಿರಿಯರು. “ಬಹಳ ಎಂದು ನಾನು ಸದನದಲ್ಲಿ ಹೇಳಲಿಕ್ಕಾಗುತ್ತದೆಯೇ?” ಎಂದರು ಅವರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೇ ಕೇಳಿದ್ದು. ನಾವು ಲೆಕ್ಕ ತರುತ್ತೇವೆಂದು ಹೇಳಿ ಎದ್ದೆವು. ದಾರಿಯಲ್ಲಿ ಅವರ ಉದಾಸೀನವನ್ನು ಬೈದುಕೊಂಡು ಬಂದೆವು. ಲೆಕ್ಕ ತೆಗೆಯಲಿಲ್ಲ. ಮತ್ತೆ ಅವರ ಮನೆಗೆ ಹೋಗಲೂ ಇಲ್ಲ. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಗೆದ್ದವರ ಬಳಿಗೂ ನಾವು ಹೋಗಲಿಲ್ಲ.

ನಮ್ಮ ಚಳವಳಿಗಳ ದೋಷವೆಲ್ಲ ಆ ಚಹಾದ ಲೋಟದಲ್ಲಿದೆ ಎಂದು ನನಗೆ ಈಗಲೂ ಅನಿಸುತ್ತದೆ. ನಾವು ತಡೆಯಲು ಬಲ್ಲೆವು, ಅಪ್ಪಿಕೊಳ್ಳಲು ಬಲ್ಲೆವು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತವರ ಕತೆ ಜಗತ್ತಿಗೇ ಗೊತ್ತು. ಪಾದಯಾತ್ರೆ, ಬಂದ್, ನ್ಯಾಯಾಲಯದ ದಾವೆ, ಇವುಗಳಲ್ಲಿಯೂ ನಾವು ಪಳಗಿದವರೇ. ಗೊತ್ತಿಲ್ಲದ್ದು ಒಂದೇ: ಹೋರಾಟವಿಲ್ಲದ ದಿನಗಳಲ್ಲಿ, ಚುನಾವಣೆಗೂ ಚುನಾವಣೆಗೂ ನಡುವಿನ ಆ ಉದ್ದನೆಯ ಬೇಸರದ ವರ್ಷಗಳಲ್ಲಿ, ಕಾಯಿದೆ ಮಾಡುವವರ ಎದುರು ನಿಯಮ ತಪ್ಪದೆ ಹೋಗಿ ಕೂರುವುದು.

ಗೊತ್ತೇ ಇರಲಿಲ್ಲ ಎಂದರೂ ತಪ್ಪಾದೀತು. ಬೇಡ್ತಿ ಜಲವಿದ್ಯುತ್ ಯೋಜನೆ ಕಣಿವೆಯ ಕಾಡು, ಅಡಿಕೆ ತೋಟಗಳನ್ನು ಮುಳುಗಿಸಲಿದ್ದಾಗ ಶಿರಸಿಯ ತೋಟಗಾರರ ಸಹಕಾರಿ ಸಂಘ 1981ರ ಜನವರಿಯಲ್ಲಿ ಒಂದು ವಿಚಾರ ಸಂಕಿರಣ ನಡೆಸಿತು. ಎಂಜಿನಿಯರರನ್ನೂ ವಿಜ್ಞಾನಿಗಳನ್ನೂ ಯೋಜನೆ ರೂಪಿಸುವವರನ್ನೂ ಒಂದೇ ಚಪ್ಪರದಡಿ ಕೂರಿಸಿ, ಲಾಭವೆಷ್ಟು ನಷ್ಟವೆಷ್ಟು ಎಂದು ಲೆಕ್ಕ ಹಾಕಿಸಿತು. ಅಡಿಕೆ ಬೆಳೆಗಾರನಿಗೆ ಲೆಕ್ಕ ಹೊಸದೇ? ಮಣ ಮಣಕ್ಕೆ ತೂಗಿ ಅಭ್ಯಾಸವಾದ ಕೈ ಅದು. ಆ ಲೆಕ್ಕದ ಎದುರು ಯೋಜನೆ ನಿಲ್ಲಲಿಲ್ಲ; ಸರ್ಕಾರ ಅದನ್ನು ಕೈಬಿಟ್ಟಿತು. ಯಾರೂ ಆಗ ಅದನ್ನು ಲಾಬಿ ಎಂದು ಕರೆಯಲಿಲ್ಲ, ಆದರೆ ಅದು ಅಪ್ಪಟ ಲಾಬಿಯೇ. ಈಗ ಬೇಡ್ತಿ–ವರದಾ ಜೋಡಣೆಯ ಹೆಸರಿನಲ್ಲಿ ಅದೇ ಹೊಳೆಯ ಮೇಲೆ ಮತ್ತೆ ಕಣ್ಣು ಬಿದ್ದಿದೆ. ಮೂಲ ಲೆಕ್ಕವನ್ನು ಮಾಡಿದವರಲ್ಲಿ ಅನೇಕರು ಇಂದು ಇಲ್ಲ.

ಅಳಿವೆಯ ವಿಷಯದಲ್ಲೂ ನಾವು ತರಲಾಗದ ಲೆಕ್ಕವನ್ನು ಬೇರೆಯವರು ತೆಗೆದರು. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಂ. ಡಿ. ಸುಭಾಷ್‌ಚಂದ್ರನ್ ಮತ್ತು ಅವರ ಸಂಗಡಿಗರು ಕಾಂಡ್ಲಾ ಗಿಡ, ಚಿಪ್ಪಿಕಲ್ಲು, ಗಜನಿ ಭೂಮಿ, ಅದರಲ್ಲಿ ಬೆಳೆಯುವ ಕಗ್ಗ ಭತ್ತ ಎಲ್ಲವನ್ನೂ ಅಧ್ಯಯನ ಮಾಡಿ ಬರೆದಿಟ್ಟರು. ತದಡಿಯಲ್ಲಿ 4000 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರ ಬರುತ್ತದೆಂದು 2000ದ ದಶಕದಲ್ಲಿ ಸುದ್ದಿ ಹಬ್ಬಿ ಜನ ಬೀದಿಗಿಳಿದಾಗ, ಬೀದಿಯ ಕೂಗಿಗೆ ಬೆನ್ನಾಗಿ ನಿಂತದ್ದು ಅಂಥ ಅಧ್ಯಯನಗಳು. ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಅಳಿವೆ ಉಳಿದಂತಲ್ಲ ಎಂಬುದು ಬೇರೆ ಮಾತು.

ಚುನಾವಣೆಯೇ ದಾರಿಯೆಂದು ವಾದಿಸುವವರು ನಮ್ಮಲ್ಲಿ ಆಗಾಗ ಇರುತ್ತಾರೆ. ಆ ಪ್ರಯೋಗವೂ ಆಗಿದೆ. 1989ರಲ್ಲಿ ಶಿವರಾಮ ಕಾರಂತರು, ಎಂಬತ್ತೇಳರ ವಯಸ್ಸಿನಲ್ಲಿ, ನಮ್ಮ ಜಿಲ್ಲೆಯಿಂದಲೇ ಲೋಕಸಭೆಗೆ ಸ್ಪರ್ಧಿಸಿದರು. ಕೈಗಾದ ಕಾಲವದು. ಜನ ಅವರ ಮಾತನ್ನು ಗೌರವದಿಂದ ಕೇಳಿದರು, ಮತವನ್ನು ಬೇರೆಡೆ ಹಾಕಿದರು. ಕಾರಂತರ ಸೋಲಿನಲ್ಲಿ ಅವಮಾನವೇನಿಲ್ಲ. ಆದರೆ ಗೆದ್ದವರ ಕೆಲಸ ಅಂದಿಗೇ ಆರಂಭವಾಗುತ್ತದೆಂಬುದನ್ನೂ ಅವರ ಜೊತೆ ನಮ್ಮ ಕೆಲಸವೂ ಅಂದಿಗೇ ಆರಂಭವಾಗಬೇಕೆಂಬುದನ್ನೂ ನಾವು ಆ ಸೋಲಿನಿಂದ ಕಲಿಯಲಿಲ್ಲ.

ಈ ಬಗೆಯ ಕೆಲಸ ಒಮ್ಮೆ ನಮಗಾಗಿಯೇ ನಡೆದಿತ್ತೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಅದರ ಬೆನ್ನಿಗೆ ಅಂಕೋಲಾ, ಸಿದ್ದಾಪುರಗಳ ರೈತರು ಕರ ನಿರಾಕರಿಸಿ ಜಮೀನು, ಮನೆ, ಪಾತ್ರೆಪರಡಿ ಕಳೆದುಕೊಂಡರು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಅಗಾಥಾ ಹ್ಯಾರಿಸನ್ ಎಂಬ ಮಹಿಳೆ ಬ್ರಿಟಿಷ್ ಸಂಸದರ, ಮಂತ್ರಿಗಳ ಬಾಗಿಲು ತಟ್ಟಲು ತೊಡಗಿದ್ದರು. ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿ ಹೋದ 1931ರಲ್ಲಿ ಅಲ್ಲಿ ‘ಇಂಡಿಯಾ ಕನ್ಸಿಲಿಯೇಷನ್ ಗ್ರೂಪ್’ ಎಂಬ ಮಂಡಳಿ ಹುಟ್ಟಿತು. ಅದರ ಮುಂದಾಳುಗಳಲ್ಲಿ ಹೆಚ್ಚಿನವರು ಕ್ವೇಕರರು. ಕಾರ್ಯದರ್ಶಿಯಾದ ಅಗಾಥಾ ಕೂಡ ಮುಂದೆ ಆ ಪಂಥ ಸೇರಿದರು. ಭಾರತದಲ್ಲಿ ನಡೆಯುತ್ತಿರುವುದೇನೆಂದು ಅಲ್ಲಿಯ ಆಳುವವರಿಗೆ ತಿಳಿಸುವುದು, ಇಲ್ಲಿಯವರ ಮನಸ್ಸು ಅಲ್ಲಿಗೆ, ಅಲ್ಲಿಯವರದು ಇಲ್ಲಿಗೆ ಮುಟ್ಟಿಸುವುದು, ಇಷ್ಟೇ ಅವರ ಕೆಲಸ. ಅದನ್ನು ವರ್ಷಗಟ್ಟಲೆ ಮಾಡಿದರು. ಅಂಕೋಲೆಯ ರೈತನ ತ್ಯಾಗಕ್ಕೆ ಅದು ಸಾಟಿಯೆಂದು ನಾನು ಹೇಳುತ್ತಿಲ್ಲ. ಗಾಂಧೀಜಿಗೆ ಎರಡೂ ಬೇಕಾಗಿದ್ದವು ಎಂಬುದಷ್ಟೇ ನನ್ನ ಮಾತು.

ಅದೇ ಬಳಗದ ಇನ್ನೊಬ್ಬ ಕ್ವೇಕರ್ ಹೊರೇಸ್ ಅಲೆಗ್ಸಾಂಡರ್. 1947ರ ಆಗಸ್ಟಿನಲ್ಲಿ ಹಿಂದೂ–ಮುಸ್ಲಿಂ ದಂಗೆಯಿಂದ ಬೆಂದ ಕಲ್ಕತ್ತೆಯಲ್ಲಿ ಗಾಂಧೀಜಿಯ ಜೊತೆ ಇದ್ದವರು. ಹಕ್ಕಿ ನೋಡುವುದು ಅವರ ಇನ್ನೊಂದು ವ್ಯಸನ. ದೆಹಲಿಯ ಪಕ್ಷಿವೀಕ್ಷಕರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಹಕ್ಕಿಯ ಗೂಡನ್ನೂ ಮನುಷ್ಯನ ಮನೆಯನ್ನೂ ಒಂದೇ ಕಣ್ಣಿನಿಂದ ನೋಡಿದ ಅವರ ಹೆಸರನ್ನು ಇಲ್ಲಿ ಬೇಕೆಂದೇ ತಂದೆ. ಪರಿಸರದವರು ಗಲಭೆಯ ವಿಷಯದಲ್ಲಿ ಬಾಯಿ ಹಾಕಬಾರದು, ಅದು ‘ರಾಜಕೀಯ’ ಎಂಬ ಅಭಿಪ್ರಾಯ ನಮ್ಮ ಬಳಗದಲ್ಲೇ ಇದೆ. ಅದನ್ನು ನಾನು ಒಪ್ಪಲಾರೆ.

1993ರಲ್ಲಿ ಭಟ್ಕಳದಲ್ಲಿ ಹೊತ್ತಿದ ಕೋಮು ಕಿಚ್ಚು ತಿಂಗಳುಗಟ್ಟಲೆ ಆರಲಿಲ್ಲ. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಬೇಕಾಯಿತು. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಸಾವಿನ ಬೆನ್ನಿಗೆ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ, ಬೆಂಕಿ. 2022ರಲ್ಲಿ ಸಿಬಿಐ, ಅದು ಆಕಸ್ಮಿಕ ಸಾವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಆ ಐದು ವರ್ಷ ಮೊಕದ್ದಮೆಯ ತಾರೀಖಿಗೆ ಅಲೆದವರಲ್ಲಿ ಎಷ್ಟೋ ಮಂದಿ ದುಡಿಯುವ ಮನೆಗಳ ಹುಡುಗರು. ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಹೋರಾಡುತ್ತಿದ್ದಾರೆ. ಕಡಲಾಮೆ ಮೊಟ್ಟೆಯಿಡುವ ದಂಡೆಯದು. ಅಲ್ಲಿ ದೋಣಿ ಎಳೆಯುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹೊಳೆಯ ಮರಳು, ದಂಡೆಯ ಹಕ್ಕು, ಅರಣ್ಯ ಹಕ್ಕಿನ ಅರ್ಜಿ, ಇವೆಲ್ಲ ಎಲ್ಲರೂ ಒಟ್ಟಾಗಿ ಕೇಳಬೇಕಾದ ಪ್ರಶ್ನೆಗಳು. ಪೇಟೆಯಲ್ಲಿ ಕಲ್ಲು ಹಾರಿದ ಮರುದಿನ ಆ ಪ್ರಶ್ನೆಗಳನ್ನು ಕೇಳಲು ಒಟ್ಟಿಗೆ ಕೂರುವವರೇ ಇರುವುದಿಲ್ಲ. ಶಾಂತಿ ಕೆಟ್ಟಾಗ ಮೊದಲು ಸಾಯುವುದು ಅಹವಾಲು. ಇದರಿಂದ ಯಾರಿಗೆ ಅನುಕೂಲ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಕ್ಷೇಪಗಳು ಇಲ್ಲದೆ ಇಲ್ಲ. ಕ್ವೇಕರರದು ಶ್ರೀಮಂತ ದೇಶ, ಅಲ್ಲಿ ಸಂಸದರ ಕಚೇರಿಯಲ್ಲಿ ಅಹವಾಲು ಕೇಳಲೆಂದೇ ಸಿಬ್ಬಂದಿ ಇರುತ್ತಾರೆ, ಇಲ್ಲಿ ಶಾಸಕರ ಮನೆಯ ಜಗಲಿಯಲ್ಲಿ ವರ್ಗಾವಣೆಗೆ ಬಂದವರದೇ ಸಾಲು ಎನ್ನುತ್ತಾರೆ. ನಿಜ. ದುಡ್ಡಿನ ಲಾಬಿಯ ಎದುರು ಬರಿಗೈಯ ಲಾಬಿ ಏನು ಮಾಡೀತು ಎನ್ನುತ್ತಾರೆ. ಅದೂ ಅರ್ಧ ನಿಜ. ಪರದೇಶದ ಮಾದರಿ ಏಕೆ ಎಂಬುದು ಮೂರನೆಯ ಮಾತು. ಅವರ ಧರ್ಮವಾಗಲಿ ಹಣವಾಗಲಿ ನಮಗೆ ಬೇಕಿಲ್ಲ. ಹಠ ಮಾತ್ರ ಸಾಕು. ನನಗೆ ಹೆಚ್ಚು ಕಾಡುವ ಆಕ್ಷೇಪ ಬೇರೆಯದು. ದಿನವೂ ಅಧಿಕಾರಸ್ಥರ ಎದುರು ಕೂರುವವನಿಗೆ ಕುರ್ಚಿಯ ರುಚಿ ಹತ್ತುತ್ತದೆ, ಕೊನೆಗೆ ಅವನು ಊರಿನವನಾಗಿ ಉಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹೋರಾಟದಿಂದ ಹೊರಟು ಗುತ್ತಿಗೆಯಲ್ಲಿ ಮುಗಿದವರನ್ನು ಕಂಡಿದ್ದೇವೆ. ಅದಕ್ಕೆ ಮದ್ದು, ಹೋಗುವವನನ್ನು ಊರು ಕಳಿಸಬೇಕು, ಬಂದು ಊರಿಗೆ ವರದಿ ಒಪ್ಪಿಸಬೇಕು, ಪ್ರತಿ ಸಲವೂ ಬೇರೆ ಬೇರೆಯವರು ಹೋಗಬೇಕು.

ನಮ್ಮಲ್ಲಿ ದಾರಿಗಳೇ ಇಲ್ಲವೆನ್ನುವಂತಿಲ್ಲ. ಲೋಕಸಭೆ, ರಾಜ್ಯಸಭೆಗಳಲ್ಲಿ ನಾಗರಿಕರ ಮನವಿಗಳನ್ನು ಪರಿಶೀಲಿಸುವ ಅರ್ಜಿಗಳ ಸಮಿತಿಯಿದೆ, ವಿಧಾನಸಭೆಯಲ್ಲಿಯೂ ಇದೆ. ಸದಸ್ಯರೊಬ್ಬರ ಸಹಿ ದೊರೆತರೆ ಸಾಮಾನ್ಯ ಪ್ರಜೆಯ ಮನವಿ ಸದನದ ಮುಂದೆ ಹೋಗಬಹುದು. ಇದನ್ನು ಬಳಸಿದ ಗ್ರಾಮ ಪಂಚಾಯತಿಯನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ. ಹೊನ್ನಾವರ ತಾಲ್ಲೂಕು ಕುಮಟಾ ಮತ್ತು ಭಟ್ಕಳ ಎಂಬ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ. ಇದನ್ನು ಎಲ್ಲರೂ ದುರದೃಷ್ಟವೆನ್ನುತ್ತಾರೆ. ನನಗೆ ಅನಿಸುವುದು, ಶರಾವತಿಯ ದಂಡೆಯವರಿಗೆ ಒಬ್ಬರಲ್ಲ, ಇಬ್ಬರು ಶಾಸಕರು ಉತ್ತರ ಕೊಡಬೇಕಾಗಿದೆ.

2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪೆಯಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾರ್ವಜನಿಕ ಅಹವಾಲು ಸಭೆ ನಡೆಯಿತು. 2000 ಮೆಗಾವ್ಯಾಟಿನ ಯೋಜನೆ. ಸಿಂಗಳೀಕಗಳ ಅಭಯಾರಣ್ಯದ ಒಡಲಿನಲ್ಲಿ ಸುರಂಗ. ವಿರೋಧದ ಧ್ವನಿ ಗಟ್ಟಿಯಾಗಿತ್ತು. 2006ರ ಅಧಿಸೂಚನೆಯಂತೆ ಇಂಥ ಸಭೆಗೆ ಮೂವತ್ತು ದಿನಗಳ ಮುನ್ಸೂಚನೆ ಇರಬೇಕು, ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಾರಾಂಶ ಮಾತ್ರ, ವರದಿಯ ಒಡಲು ಇಂಗ್ಲಿಷಿನಲ್ಲೇ ಉಳಿಯುತ್ತದೆ. 2020ರಲ್ಲಿ ಈ ಅಧಿಸೂಚನೆಯ ಹೊಸ ಕರಡು ಬಂದಾಗ ಅದನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು. ಇಡೀ ಪರಿಣಾಮ ವರದಿ ಕನ್ನಡದಲ್ಲಿ ಸಿಗಬೇಕು ಎಂಬ ಒಂದೇ ಬೇಡಿಕೆಯನ್ನು ಹಿಡಿದು ನಮ್ಮ ಮೂರು ತಾಲ್ಲೂಕಿನವರು ಎಲ್ಲ ಪಕ್ಷದ ಶಾಸಕರ, ಸಂಸದರ, ಸೋತ ಅಭ್ಯರ್ಥಿಗಳ ಮನೆಗೂ ಹೋಗಬಹುದು. ಇದನ್ನು ಬೇಡವೆನ್ನಲು ಯಾವ ಪಕ್ಷಕ್ಕೂ ಬಾಯಿ ಬರಲಾರದು. ದೊಡ್ಡ ಬೇಡಿಕೆಗಳಿಗೆ ಮುನ್ನ ಇಂಥದೊಂದರಲ್ಲಿ ಕಾಲು ಪಳಗಿಸಿಕೊಳ್ಳುವುದು ಒಳ್ಳೆಯದು.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದು ಜನ ಸತ್ತಾಗ ಎಲ್ಲ ಪಕ್ಷದ ನಾಯಕರೂ ನಮ್ಮಲ್ಲಿಗೆ ಬಂದರು. ಗುಡ್ಡ ಕಡಿಯುವಾಗ ನಾವು ಅವರಲ್ಲಿಗೆ ಎಷ್ಟು ಸಲ ಹೋಗಿದ್ದೆವು?

ವಿಧಾನಮಂಡಲದ ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ಸೇರುತ್ತದೆ; ಕುಮಟಾದವರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಅಲ್ಲಿಗೆ ಹೋಗುವ ತಂಡದಲ್ಲಿ ಟೊಂಕದ ಮೀನುಗಾರ ಮಹಿಳೆ, ಭಟ್ಕಳದ ನವಾಯತ ವ್ಯಾಪಾರಿ, ಘಟ್ಟದ ಅಡಿಕೆ ಬೆಳೆಗಾರ, ಒಬ್ಬ ಹಾಲಕ್ಕಿ ತರುಣ ಇರಬೇಕೆಂಬುದು ನನ್ನ ಸಲಹೆ. ಒಟ್ಟಿಗೆ ಒಂದೇ ವಾಹನದಲ್ಲಿ ಹೋಗಿ ಬರಬೇಕು. ದಾರಿಯಲ್ಲಿ ಆಡುವ ಮಾತೂ ಕೆಲಸದ ಭಾಗವೇ. ಆದರೆ ಅದಕ್ಕೆ ಮುನ್ನ ಅಂದು ಆ ಜಗಲಿಯಲ್ಲಿ ನಾವು ಉತ್ತರ ಕೊಡಲಾಗದ ಪ್ರಶ್ನೆಯ ಲೆಕ್ಕ ಆಗಬೇಕು. ಮಳೆ ನಿಂತ ಮೇಲೆ ನಮ್ಮ ಊರಿನಿಂದಲೇ ಮನೆಮನೆಯ ಎಣಿಕೆ ಆರಂಭಿಸಲಿದ್ದೇವೆ. ನಕ್ಕ ವಿದ್ಯಾರ್ಥಿ ಬರುತ್ತೇನೆಂದಿದ್ದಾನೆ. ಬಳಚು ಆರಿಸುವವರು ಹೊಳೆಯಲ್ಲಿ ಸಿಗುವುದು ನೀರು ಇಳಿದ ಹೊತ್ತಿನಲ್ಲಿ ಮಾತ್ರ. ಜೊತೆಗೆ ಬರುವವರು ಇಳಿತದ ವೇಳೆ ವಿಚಾರಿಸಿಕೊಂಡು, ಕೆಸರಿಗೆ ಹೆದರದ ಬಟ್ಟೆ ತೊಟ್ಟು, ಒಂದು ನೋಟ್‌ಪುಸ್ತಕದೊಡನೆ ಬರಬೇಕು.